ಒಳಗಿಂದ ಕೂಡಿಸಿದ ಕಿಟಕಿ

೧೯೯೧ರಲ್ಲಿ, ಒಂಬತ್ತನೇ ಕ್ಲಾಸಿಗೆ, ನಾನು ಸಾಲಿ ಬಿಟ್ಟೆ. ಅವತ್ತಿನಿಂದ ಲೇಥ್ ಮುಂದೆ ನಿಂತವನು. ಶಹಾಬಜಾರದ ನನ್ನ ಅಂಗಡಿಯಿಂದ ಹೋದ ಪಂಪಿನ ಶಾಫ್ಟ್ ಒಂದೂ ತಕರಾರಾಗಿ ವಾಪಸ್ ಬಂದಿಲ್ಲ. ಇದನ್ನು ಹೇಳಿಕೊಳ್ಳಲಿಕ್ಕೆ ನನಗೇನೂ ಸಂಕೋಚವಿಲ್ಲ.

ಕಮಲಾಪುರದ ನಮ್ಮಕ್ಕನ ಮಗಳು ಇಲ್ಲೇ ಕಲಬುರಗಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಪ್ಲಾಸ್ಟಿಕ್ ತುಂಡನ್ನು ಭಾರೀ ಒತ್ತಡದಲ್ಲಿ ಹಿಂಡಿದರೆ ಅದರೊಳಗೆ ಸಪ್ಪಳ ಹೇಗೆ ಹಾಯುತ್ತದೆ, ಬೆಳಕು ಹೇಗೆ ಹಾಯುತ್ತದೆ ಅನ್ನುವುದು ಅವಳ ವಿಷಯ. ಅದಕ್ಕೆ ಎಣ್ಣೆ ತುಂಬುವ ಉಕ್ಕಿನ ಡಬ್ಬಿ ಬೇಕು, ಡಬ್ಬಿಗೆ ಎರಡು ಗಾಜಿನ ಕಿಟಕಿ ಬೇಕು. ಹೊರದೇಶದಿಂದ ತರಿಸಬೇಕಾಗಿದ್ದ ಡಬ್ಬಿ ಬರುವುದಿಲ್ಲವೆಂದು ಗೊತ್ತಾದಾಗ ಅವಳ ಗೈಡ್, ವಿಷಯವನ್ನೇ ಬದಲಿಸು ಅಂದರಂತೆ. ಎರಡು ವರ್ಷ ಪಟ್ಟ ಕಷ್ಟವೆಲ್ಲ ನೀರಿಗೆ ಹೋಗುವುದಿತ್ತು. ನಾ ಮಾಡಿಕೊಡ್ತೀನಿ ಅಂದೆ.

ಮೊದಲನೆಯದು ಕೆಟ್ಟಿತು. ಪಂಪಿಗೆ ಮಾಡುವ ಹಾಗೆ ಗಾಜನ್ನು ಹೊರಗಿನಿಂದ ಇಟ್ಟು, ರಬ್ಬರ್ ವಾಷರ್ ಹಾಕಿ, ಬೋಲ್ಟ್ ಬಿಗಿದಿದ್ದೆ. ಒತ್ತಡ ಏರಿಸುತ್ತಲೇ ಎಣ್ಣೆ ಚಿಮ್ಮಿ ನನ್ನ ಅಂಗಿಯೆಲ್ಲ ತೊಯ್ದಿತು. ಇನ್ನೂ ದಪ್ಪ ಬೋಲ್ಟ್ ಹಾಕೋಣ ಅಂದೆ. ಅವಳು ಮುಖ ಒರೆಸಿಕೊಳ್ಳುತ್ತ ನಕ್ಕಳು.

"ಇದು ಬೋರ್‌ವೆಲ್ ಅಲ್ರಿ ಮಾಮಾ. ನೀವು ಎಷ್ಟ ಬಿಗದ್ರೂ ಒಳಗಿನ ಒತ್ತಡ ಗಾಜನ್ನ ಹೊರಗ ನೂಕತದ. ಒಳಗಿಂದ ಕೂಡಿಸ್ರಿ. ಒತ್ತಡ ಏರಿದಷ್ಟು ಆ ಒತ್ತಡನೇ ಗಾಜನ್ನ ಉಕ್ಕಿಗೆ ಒತ್ತಿ ಹಿಡಿತದ."

ವೈರಿಯನ್ನೇ ಕಾವಲಿಗೆ ನಿಲ್ಲಿಸುವ ಹುಡುಗಿ! ಇಷ್ಟು ವರ್ಷದಲ್ಲಿ ನನಗೆ ಅದು ಹೊಳೆದಿರಲಿಲ್ಲ.

ವಾಷರ್ ಇಲ್ಲ, ಅಂಟಿಲ್ಲ. ಗಾಜು ಕೂಡುವ ಉಕ್ಕಿನ ಮುಖ ಮಾತ್ರ ಕನ್ನಡಿಯಂತೆ ಸಪಾಟಾಗಬೇಕು. ಇಂಜಿನ್ ವಾಲ್ವ್ ಕೂಡಿಸುವಾಗ ಉಜ್ಜುವ ಒರಟು ಪೇಸ್ಟಿನಿಂದ ಶುರುಮಾಡಿ ಬರಬರುತ್ತ ನುಣ್ಣನೆಯ ಪುಡಿಗೆ ಇಳಿದು ಉಜ್ಜುತ್ತ ಕೂತೆ. ಅವಳು ಬಂದು ನೋಡಿ, ಇನ್ನೂ ಆಗಿಲ್ಲ ಅಂತ ಬದಿಗಿಡುತ್ತಿದ್ದಳು. ಗಿರಾಕಿ ಯಾರಾದರೂ ಹಾಗಂದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಅವಳು ಅಂದದ್ದು ಖರೇ ಇರುತ್ತಿತ್ತು.

ಲ್ಯಾಬಿನಲ್ಲಿ ಈ ಸಲ ಹನಿ ಎಣ್ಣೆಯೂ ಒಸರಲಿಲ್ಲ. ಪರದೆಯ ಮೇಲೆ ಸಪ್ಪಳದ ಗುರುತು ಎಡಕ್ಕೆ ಸರಿಯಿತು. ಪ್ಲಾಸ್ಟಿಕ್ ದಾಟಿ ಸಪ್ಪಳ ಮೊದಲಿಗಿಂತ ಬೇಗ ಬಂತು ಅಂತ ಅದರ ಅರ್ಥ. ಪಕ್ಕದಲ್ಲಿ ಬೆಳಕಿನ ಕಪ್ಪು-ಬಿಳಿ ಪಟ್ಟಿಗಳೂ ಸರಿದವು. ಅದರ ಅರ್ಥ ಬೆಳಕು ನಿಧಾನ ಆಯ್ತಂತೆ. ಒಂದೇ ಸಲ ಹಿಂಡಿದ್ರ ಒಂದು ಓಡೋದು, ಒಂದು ನಿಧಾನ ಆಗೋದು ಹೆಂಗವ್ವಾ ಅಂದೆ.

"ಹಿಂಡಿದ್ರ ಒಳಗ ಖಾಲಿ ಜಾಗ ಕಮ್ಮಿ ಆಗಿ ಬಿಗಿ ಆಗ್ತದ ಮಾಮಾ. ಸಪ್ಪಳಕ್ಕ ಬಿಗಿ ಇದ್ದಷ್ಟು ಚಲೋ. ಬೆಳಕಿಗೆ ಖಾಲಿ ಇದ್ದಷ್ಟು ಚಲೋ."

ಹೇಳಿದವಳ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಅವಳ ಗೈಡ್ ಅಳತೆಗಳನ್ನು ನೋಡಿ, ವಿಷಯ ಇದೇ ಇರಲಿ ಅಂದರು. ಹೋದ ವರ್ಷ ಅವಳಿಗೆ ಡಾಕ್ಟರೇಟ್ ಬಂತು.

ಈಗ ನನ್ನ ಹತ್ತಿರ ಎರಡು ಲೇಥ್, ಒಂದು ಡ್ರಿಲ್ಲಿಂಗ್ ಮಷೀನು, ಇಬ್ಬರು ಕೆಲಸಗಾರರು, ಮತ್ತೆ ಅವಳು ಕಳಿಸಿದ ಒಂದು ಹೊಸ ನಕಾಶೆ, ನಾಲ್ಕು ಕಿಟಕಿಯ ಡಬ್ಬಿಯದು.