ಬೋರ್ಡು ಓದುವ ಮಾದೇವ

ಕೊರೋನಾ ಕಾಲದಲ್ಲಿ, ಶಾಲೆ ಬೇಗ ತೆರೆಯಲಪ್ಪಾ ಎಂದು ಬೆಳಕೆ ಊರಿನಲ್ಲಿ ಹರಕೆ ಹೊತ್ತವರಲ್ಲಿ ಮಾದೇವ ಮೊದಲಿಗ. ಮೊಮ್ಮಗಳ ಓದಿನ ಚಿಂತೆಗಲ್ಲ, ಹೆಂಡತಿ ಗಣಪಿಯ ಮೇಲಿನ ಹೊಟ್ಟೆಕಿಚ್ಚಿಗೆ.

ಮಾದೇವ ನಾಲ್ಕನೇ ಕ್ಲಾಸು ಪಾಸು. ಗಣಪಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಗೇರುಸೊಪ್ಪದ ತವರಿಗೆ ಹೋಗಲು ಹೊನ್ನಾವರದಲ್ಲಿ ಬಸ್ಸು ಬದಲಿಸಬೇಕು. ಬೋರ್ಡು ಓದಲು ಗಂಡ ಬೇಕು. ಅವನು ಬೋರ್ಡು ಓದಿದರೆ ಹೊಳೆಯ ಆಚೆ ದಡದ ಕಾಸರಕೋಡಿನಲ್ಲಿ ದೋಣಿಗಳು ಲಂಗರು ಕಿತ್ತುಕೊಂಡು ಹೊರಡುತ್ತಿದ್ದವು. ಕಣ್ಣಿಗೆ ಪೊರೆ ಬಂದು ಅಕ್ಷರವೆಲ್ಲ ಬಿಳಿ ಮುದ್ದೆಯಾದ ಮೇಲೂ ದನಿ ತಗ್ಗಲಿಲ್ಲ. ಊಹೆಯ ಮೇಲೆ ಓದುತ್ತಿದ್ದ. ಹತ್ತರಲ್ಲಿ ಆರು ಸರಿಹೋಗುತ್ತಿತ್ತು. ಉಳಿದ ನಾಲ್ಕಕ್ಕೆ, ಡ್ರೈವರು ದಾರಿ ತಪ್ಪಿದನೆಂದು ಬಯ್ಯುತ್ತಿದ್ದ.

ಅಷ್ಟರಲ್ಲಿ ಶಾಲೆ ಮೊಬೈಲಿಗೆ ಬಂತು. ಒಂದನೇ ಕ್ಲಾಸಿನ ಮೊಮ್ಮಗಳು ಸುಪ್ರಿಯಾ ಎರಡು ನಿಮಿಷ ಕೂತು ಬೆಕ್ಕಿನ ಹಿಂದೆ ಓಡುವಳು. ಅವಳಿಗಾಗಿ ಮೊಬೈಲು ಕಾಯುತ್ತಿದ್ದ ಗಣಪಿ, ಮಲ್ಲಿಗೆ ಕಟ್ಟುತ್ತ ಕಟ್ಟುತ್ತಲೇ ಕಾಗುಣಿತ ಮುಗಿಸಿದಳು. ಒತ್ತಕ್ಷರದ ಹೊತ್ತಿಗೆ ರೂಪಾ ಟೀಚರು "ಗಣಪಕ್ಕ ಬಂದರೋ?" ಎಂದು ಕೇಳಿಯೇ ಪಾಠ ಶುರುಮಾಡುತ್ತಿದ್ದರು.

ಮಾದೇವನ ಹೊಟ್ಟೆಯುರಿಯ ಕಾವಿಗೆ ಅಂಗಳದ ಬಾವಿಯ ನೀರು ಎರಡು ಅಡಿ ಇಳಿಯಿತು. ಸರಿಯಾಗಿ ಕ್ಲಾಸಿನ ಹೊತ್ತಿಗೇ ಅವನಿಗೆ ಚಾ ಬೇಕಾಗುತ್ತಿತ್ತು, ಬೆನ್ನು ತುರಿಸುತ್ತಿತ್ತು. ಒಂದು ದಿನ ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟ. ಅದು ಅಲ್ಲಿಂದಲೇ ಕೂಗಿಕೊಂಡಿತು. ಗಣಪಕ್ಕ ಯಾಕೆ ಬರಲಿಲ್ಲವೆಂದು ವಿಚಾರಿಸಲು ಟೀಚರೇ ಫೋನು ಮಾಡಿದ್ದರು.

ಬಸ್ಸು ಮತ್ತೆ ಶುರುವಾದ ವಾರ ಗಣಪಿ ತವರಿಗೆ ಹೊರಟಳು. ಕರೆಯದಿದ್ದರೂ ಇವನು ಹಿಂದೆಯೇ ಹೊರಟ. ಹೊನ್ನಾವರದಲ್ಲಿ ಬಸ್ಸೊಂದು ಬಂದು ನಿಂತದ್ದೇ ತಡ, "ಗೇರುಸೊಪ್ಪಾ" ಎಂದು ಮೊಳಗಿ ಮೆಟ್ಟಿಲ ಮೇಲೆ ಕಾಲಿಟ್ಟ.

ಗಣಪಿ ಬೋರ್ಡು ನೋಡಿದಳು. ತುಟಿ ಮೆಲ್ಲಗೆ ಅಲ್ಲಾಡಿತು.

"ಅದು ಕುಮಟಾ ಗಾಡಿ. ಕುಮಟೆಯಲ್ಲಿ ನಿಮ್ಗೆ ಎಂತ ಕೆಲ್ಸ?"

ಮಾದೇವನ ಕಾಲು ಮೆಟ್ಟಿಲ ಮೇಲೆಯೇ ಉಳಿಯಿತು.

"ಕಣ್ಣು ಕಾಣ್ದೆ ಎಷ್ಟು ವರ್ಷ ಆತು?" ಅವಳು ಹತ್ತಿರ ಬಂದು ಕೇಳಿದಳು.

"ಮೂರು," ಎಂದ. ಅವನ ದನಿ ಪಕ್ಕದವರಿಗೆ ಕೇಳಿಸದಿದ್ದದ್ದು ಜನ್ಮದಲ್ಲಿ ಅದೇ ಮೊದಲು.

ಗಣಪಿ ಅವನ ಮೊಣಕೈ ಹಿಡಿದು ಆಚೆಯ ಬಸ್ಸಿಗೆ ಹತ್ತಿಸಿದಳು. ಕಿಟಕಿ ಬದಿಗೆ ತಾನು ಕೂತು, ದಾರಿಯ ಅಂಗಡಿ, ಸೊಸೈಟಿ, ಸೇತುವೆ ಒಂದನ್ನೂ ಬಿಡದೆ ಅವನಿಗೆ ಬೋರ್ಡು ಓದಿ ಹೇಳುತ್ತ ಹೋದಳು.

"ಅಷ್ಟು ಜೋರಾಗಿ ಎಂತಕ್ಕೆ ಓದೂದು," ಎಂದು ಮಾದೇವ ಗೇರುಸೊಪ್ಪದವರೆಗೂ ಗೊಣಗಿದ.