ಹಲ್ಲಕ್ಕನ ಇಪ್ಪತ್ತು ಕಂತು

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಹಲ್ಲಿನ ಸೆಟ್ಟು ಮಾಡುವವಳು. ಹಲ್ಲಿನ ಡಾಕ್ಟರರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ಸರಿಯಾಗಿ ಕೂರುವ ಹಲ್ಲಿನ ಸಾಲು ಮಾಡಿಕೊಡುವುದು ಅವಳ ಕಸುಬು. ಬೀದಿಯವರಿಗೆಲ್ಲ ಅವಳು ಹಲ್ಲಕ್ಕ. ಮನೆಯ ಮುಂದಿನ ಕೋಣೆಯೇ ಅವಳ ಕಾರ್ಖಾನೆ. ಕಿಟಕಿಯ ಪಕ್ಕ ಉದ್ದನೆಯ ಮೇಜು, ಅದರ ಮೇಲೆ ಸಣ್ಣ ಗ್ಯಾಸ್ ದೀಪ, ಗುಲಾಬಿ ಬಣ್ಣದ ಮೇಣ, ಪ್ಲಾಸ್ಟರಿನ ದವಡೆಗಳು. ಮೊದಲ ಸಲ ಬಂದವರು ಗೋಡೆಯ ಹಲಗೆಯ ಮೇಲಿನ ಮೂವತ್ತು ನಲವತ್ತು ಬಾಯಿಗಳನ್ನು ಕಂಡು ಬಾಗಿಲಲ್ಲೇ ನಿಂತುಬಿಡುತ್ತಿದ್ದರು. "ಬನ್ನಿ, ಯಾವುದೂ ಕಚ್ಚಲ್ಲ" ಅನ್ನುತ್ತಿದ್ದಳು ಅತ್ತೆ.

ಇಪ್ಪತ್ತೆರಡು ವರ್ಷ ಅವಳು ಈ ಕೆಲಸವನ್ನು ಬೇರೆಯವರ ಕೈಕೆಳಗೆ ಮಾಡಿದ್ದಳು. ಆ ಮಾಲೀಕರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ಕೈ ನಡುಗಲು ಶುರುವಾದಾಗ ಅವರು ಕೆಲಸ ನಿಲ್ಲಿಸಿ, ಯಂತ್ರಗಳನ್ನು ಅರ್ಧ ಬೆಲೆಗೆ ಅತ್ತೆಗೆ ಕೊಟ್ಟರು. ಅವರ ಹಳೆಯ ಡಾಕ್ಟರರು ಅತ್ತೆಯ ಹತ್ತಿರವೇ ಬಂದರು. ಎರಡನೆಯ ವರ್ಷ ವೃದ್ಧರಿಗೆ ಹಲ್ಲು ಕಟ್ಟಿಸುವ ಸಂಸ್ಥೆಯೊಂದರಿಂದ ನಾನೂರು ಸೆಟ್ಟಿನ ಕೆಲಸವೂ ಸಿಕ್ಕಿತು. ಜನ್ಮದಲ್ಲಿ ಕಾಣದಷ್ಟು ದುಡ್ಡು ಒಟ್ಟಿಗೆ ಬಂತು. ಮಾವನ ಬಲ ಮಂಡಿ ಸವೆದು ಅವರು ಕೋಲು ಹಿಡಿದು ಮೂರು ವರ್ಷವಾಗಿತ್ತು. ಹಿಂದೆಮುಂದೆ ನೋಡದೆ ಆಪರೇಷನ್ ಮಾಡಿಸಿದಳು.

ಸಂಬಳದಲ್ಲಿದ್ದಾಗ ತೆರಿಗೆಯನ್ನು ದೊಡ್ಡವರೇ ಹಿಡಿದು ಕಟ್ಟುತ್ತಿದ್ದರು. ಸ್ವಂತ ಕೆಲಸವಾದ ಮೇಲೆ ಅದನ್ನು ತಾನೇ ಎತ್ತಿಡಬೇಕು ಎಂಬುದು ಅತ್ತೆಯ ತಲೆಗೇ ಹೊಳೆದಿರಲಿಲ್ಲ. ಅದು ತಿಳಿದದ್ದು ಆದಾಯ ತೆರಿಗೆ ಕಚೇರಿಯ ಪತ್ರ ಬಂದ ದಿನ. ಎರಡು ವರ್ಷದ ಬಾಕಿ, ಬಡ್ಡಿ, ಎಲ್ಲ ಸೇರಿ ಎರಡು ಲಕ್ಷದ ಹತ್ತು ಸಾವಿರ. ಬ್ಯಾಂಕಿನಲ್ಲಿ ಇದ್ದದ್ದು ಹತ್ತೊಂಬತ್ತು ಸಾವಿರ. ಆಗ ನಾನು ಅವರ ಮನೆಯ ಮಹಡಿಯಲ್ಲೇ ಇದ್ದೆ. ಕೆಳಗಿಳಿದು ಬಂದಾಗ ಅತ್ತೆ ಮೇಣದ ಚಾಕು ಹಿಡಿದುಕೊಂಡೇ ಕೂತಿದ್ದಳು, ದೀಪ ಸುಮ್ಮನೆ ಉರಿಯುತ್ತಿತ್ತು. ಮಾವ ಪತ್ರವನ್ನು ಎರಡು ಸಲ ಓದಿ, ತಮ್ಮ ಮಂಡಿಯನ್ನು ನೋಡಿಕೊಂಡು, "ಸರ್ಕಾರದ ದುಡ್ಡಿನ ಮೇಲೆ ನಡೀತಿದೀನಿ ಅಂತಾಯ್ತು" ಅಂದರು. ಯಾರಿಗೂ ನಗು ಬರಲಿಲ್ಲ.

ಅತ್ತೆಗೆ ತೋಚಿದ ದಾರಿ ಒಂದೇ, ಯಂತ್ರ ಮಾರುವುದು. ಒಬ್ಬ ವ್ಯಾಪಾರಿ ಬಂದು ಪಾಲಿಶ್ ಯಂತ್ರದ ಗಾಲಿ ತಿರುಗಿಸಿ ನೋಡಿ, ಬೆಲೆ ಹೇಳಿಯೂ ಹೋದ. ಸುದ್ದಿ ಕೇಳಿದ ದೊಡ್ಡವರು ಆಟೋ ಮಾಡಿಕೊಂಡು ಬಂದರು. ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು:

"ಇದನ್ನ ಮಾರಿದ್ರೆ ಮುಂದಿನ ತಿಂಗಳು ಏನು ಮಾಡ್ತೀಯಮ್ಮ? ಬರಿಗೈಲಿ ಹಲ್ಲು ಮಾಡ್ತೀಯಾ? ಮೊದಲು ತೆರಿಗೆ ಕಚೇರಿಗೆ ಹೋಗಿ ಕೇಳು. ಒಟ್ಟಿಗೆ ಕಟ್ಟೋಕಾಗಲ್ಲ ಅಂತ ಬಾಯಿಬಿಟ್ಟು ಹೇಳು."

ಅತ್ತೆಗೆ ಅದೇ ಕಷ್ಟವಾಗಿತ್ತು. ಜೀವನವೆಲ್ಲ ಹಲ್ಲು ಮಾಡಿದವಳು ಯಾರ ಮುಂದೆಯೂ ಹಲ್ಲು ಗಿಂಜಿದವಳಲ್ಲ. ಎರಡು ದಿನ ಮೀನಮೇಷ ಎಣಿಸಿ, ಮೂರನೆಯ ದಿನ ಹೊರಟಳು. ನಾನೂ ರಜೆ ಹಾಕಿ ಜೊತೆಗೆ ಹೋದೆ.

ಕಚೇರಿಯ ಎರಡನೆಯ ಮಹಡಿಯಲ್ಲಿ ಉದ್ದನೆಯ ಪಡಸಾಲೆ, ಬೆಂಚು, ಟೋಕನ್. ಒಂದೂವರೆ ಗಂಟೆ ಕಾದ ಮೇಲೆ ನಮ್ಮ ಸರದಿ ಬಂತು. ಮೇಜಿನ ಆಚೆ ಕನ್ನಡಕವನ್ನು ದಾರದಲ್ಲಿ ಕೊರಳಿಗೆ ತೂಗುಹಾಕಿಕೊಂಡ ಒಬ್ಬ ಹೆಂಗಸು, ಅತ್ತೆಯ ವಯಸ್ಸಿನವರೇ. ಬೈಗುಳಕ್ಕೆ ಸಿದ್ಧವಾಗಿ ಹೋಗಿದ್ದ ಅತ್ತೆ ಒಂದೇ ಉಸಿರಿಗೆ ಎಲ್ಲ ಒಪ್ಪಿಸಿದಳು. ಅವರು ಬೈಯಲಿಲ್ಲ. ತಿಂಗಳಿಗೆ ಏನು ಬರುತ್ತದೆ, ಬಾಡಿಗೆ ಎಷ್ಟು, ಔಷಧಿಗೆ ಎಷ್ಟು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಆಮೇಲೆ ಪೆನ್ನು ನಿಲ್ಲಿಸಿ ಕೇಳಿದರು:

"ಸಾಮಾನಿಗೆ ಖರ್ಚಾಗಿದ್ದನ್ನ ಈ ಲೆಕ್ಕದಲ್ಲಿ ಯಾರೂ ಕಳೆದೇ ಇಲ್ವಲ್ಲಮ್ಮ. ಪ್ಲಾಸ್ಟರು, ಗ್ಯಾಸು, ಹಲ್ಲು, ಇವನ್ನೆಲ್ಲ ಪುಕ್ಕಟೆ ತಂದ್ರಾ?"

ಪುಕ್ಕಟೆ ಯಾರು ಕೊಡುತ್ತಾರೆ? ಒಂದೊಂದು ರಸೀದಿಯೂ ಅತ್ತೆಯ ಬಳಿ ಬಿಸ್ಕತ್ತಿನ ಡಬ್ಬಿಯಲ್ಲಿತ್ತು, ಅದು ದೊಡ್ಡವರು ಕಲಿಸಿದ ಅಭ್ಯಾಸ. ಮರುದಿನ ಡಬ್ಬಿಯನ್ನೇ ಹೊತ್ತುಕೊಂಡು ಹೋದೆವು. ಹೊಸದಾಗಿ ಲೆಕ್ಕ ಸಲ್ಲಿಸಿದ ಮೇಲೆ ಬಾಕಿ ಒಂದು ಲಕ್ಷದ ಅರವತ್ತು ಸಾವಿರಕ್ಕೆ ಇಳಿಯಿತು. ಉಳಿದದ್ದಕ್ಕೆ ಕಂತು ಕೇಳಿ ಅರ್ಜಿ ಬರೆಯಬೇಕಿತ್ತು. ಅತ್ತೆ ಮರ್ಯಾದೆಗೆ ಅಂಜಿ ತಿಂಗಳಿಗೆ ಹನ್ನೆರಡು ಸಾವಿರ ಎಂದುಬಿಟ್ಟಳು. ಆ ಹೆಂಗಸು ತಾವು ಬರೆದುಕೊಂಡಿದ್ದ ಹಾಳೆಯನ್ನು ಅತ್ತೆಯ ಕಡೆ ತಿರುಗಿಸಿದರು.

"ಇದರಲ್ಲಿ ಹನ್ನೆರಡು ಎಲ್ಲಿದೆ ತೋರಿಸಿ. ನಿಮ್ಮ ಕೈಲಿ ಆಗೋದನ್ನ ಬರೀರಿ. ಹೇಳದೆ ಕೇಳದೆ ಒಂದು ಕಂತು ತಪ್ಪಿಸಿದ್ರೆ ಒಪ್ಪಂದ ಬಿದ್ದುಹೋಗುತ್ತೆ, ಆಮೇಲೆ ನಾನೂ ಏನೂ ಮಾಡೋಕಾಗಲ್ಲ."

ಎಂಟು ಸಾವಿರದಂತೆ ಇಪ್ಪತ್ತು ಕಂತು ಎಂದಾಯಿತು. ನಡುವಿನ ಬಡ್ಡಿ ಕೊನೆಯಲ್ಲಿ. ಮೆಟ್ಟಿಲಿಳಿಯುವಾಗ ಅತ್ತೆ ನನ್ನ ತೋಳು ಹಿಡಿದುಕೊಂಡು, ಯಂತ್ರ ಉಳೀತು, ಯಂತ್ರ ಉಳೀತು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಆ ಇಪ್ಪತ್ತು ಕಂತು ಹೊಟ್ಟೆಬಟ್ಟೆ ಕಟ್ಟಿಯೇ ತೀರಿದ್ದು. ಟೀವಿ ಕೆಟ್ಟಾಗ ರಿಪೇರಿ ಮಾಡಿಸಲಿಲ್ಲ. ಮಾವ ಪಕ್ಕದ ಮನೆಯ ಗೋಡೆಗೆ ಕಿವಿಗೊಟ್ಟು ಸುದ್ದಿ ಕೇಳಿದರು. ಅವರೇ ಮುಂದೆ ಬಂದು ಇನ್ನೊಂದು ಕೆಲಸವನ್ನೂ ಹಿಡಿದರು. ತಯಾರಾದ ಸೆಟ್ಟುಗಳನ್ನು ಡಾಕ್ಟರರಿಗೆ ತಲುಪಿಸಲು ಕೊರಿಯರ್‌ನವನಿಗೆ ಕೊಡುತ್ತಿದ್ದ ದುಡ್ಡು ಉಳಿಯಲಿ ಎಂದು, ಪೆಟ್ಟಿಗೆಗಳನ್ನು ಚೀಲದಲ್ಲಿ ಹಾಕಿಕೊಂಡು ನಡೆದೇ ಹೊರಟರು. ಬೇಡ ಎಂದರೆ, "ತೆರಿಗೆ ತಿಂದಿದ್ದು ಈ ಮಂಡೀನೇ ಅಲ್ವೇನೇ? ದುಡೀಲಿ ಬಿಡು" ಎನ್ನುತ್ತಿದ್ದರು. ನಡೆದು ನಡೆದು ಮಂಡಿ ಗಟ್ಟಿಯಾಯಿತು. ಕೋಲು ಬಾಗಿಲ ಹಿಂದೆ ಸೇರಿತು.

ಏಳನೆಯ ತಿಂಗಳು ಇಬ್ಬರು ಡಾಕ್ಟರರು ದುಡ್ಡು ಕೊಡುವುದು ತಡವಾಯಿತು. ಕಂತಿಗೆ ಆರು ದಿನ ಉಳಿದಿತ್ತು, ಕೈಯಲ್ಲಿ ಮೂರು ಸಾವಿರ. ಅತ್ತೆ ಫೋನ್ ಮಾಡಿದಳು. ಆ ಕಡೆಯಿಂದ ಕೇಳಿದ್ದು ಅದೇ ಹೆಂಗಸಿನ ದನಿ. ಮೊದಲೇ ತಿಳಿಸಿದಿರಲ್ಲ, ಅಷ್ಟು ಸಾಕು, ಎರಡು ಸಾಲು ಬರೆದು ಕಳಿಸಿ, ಈ ಕಂತನ್ನು ಕೊನೆಗೆ ಹಾಕಿಸುತ್ತೇನೆ ಎಂದರಂತೆ. ಫೋನ್ ಇಟ್ಟು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಪತ್ರ ಬಂದ ದಿನವೂ ಅವಳು ಅತ್ತಿರಲಿಲ್ಲ.

ಹೀಗೆ ಇಪ್ಪತ್ತು ತಿಂಗಳದ್ದು ಇಪ್ಪತ್ತೊಂದಾಯಿತು. ಕೊನೆಯ ಕಂತು, ಬಡ್ಡಿ ಕಟ್ಟಿ, ಬಾಕಿ ಇಲ್ಲ ಎಂಬ ಕಾಗದ ಪಡೆದ ಮೇಲೆ ಅತ್ತೆ ಎರಡನೆಯ ಮಹಡಿಗೆ ಹೋಗಲೇಬೇಕೆಂದಳು. ಟೋಕನ್ ಪಡೆದು, ಕಾದು, ಆ ಹೆಂಗಸಿನ ಮುಂದೆ ನಿಂತು ಕೈಮುಗಿದಳು. ಅವರು ಕನ್ನಡಕ ಏರಿಸಿ ನೋಡಿದರು. ಗುರುತು ಸಿಗಲಿಲ್ಲ. ಹಲ್ಲಿನ ಸೆಟ್ಟು, ಬಿಸ್ಕತ್ತಿನ ಡಬ್ಬಿ ಎಂದು ಅತ್ತೆ ಏನೇನೋ ನೆನಪಿಸಿದಳು. ಅವರು ಸಂಕೋಚದಿಂದ ನಕ್ಕು, "ಮುಗೀತಲ್ಲ, ಒಳ್ಳೇದಾಯ್ತಮ್ಮ" ಎಂದು ಮುಂದಿನ ಟೋಕನ್ ಕರೆದರು.

ಬಸ್ಸಿನಲ್ಲಿ ನನಗೇ ಸಂಕಟ. ಇಷ್ಟು ದಿನ ನೀನು ಅವರನ್ನು ನೆನೆಯದ ದಿನವಿಲ್ಲ, ಅವರಿಗೆ ನಿನ್ನ ಮುಖವೇ ನೆನಪಿಲ್ಲವಲ್ಲ ಅತ್ತೆ ಎಂದೆ. ಅವಳು ಕಿಟಕಿಯಾಚೆ ನೋಡುತ್ತಲೇ ಹೇಳಿದಳು:

"ಇಲ್ದಿದ್ರೇ ಒಳ್ಳೇದು ಕಣೇ. ನನಗೊಬ್ಬಳಿಗೇ ಮಾಡಿದ್ರೆ ನೆನಪಿರೋದು. ಬಂದವರಿಗೆಲ್ಲ ಹಾಗೇ ಮಾಡ್ತಾರೆ, ಅದಕ್ಕೇ ಮರೆತಿದಾರೆ."

ಇಳಿಯುವ ನಿಲ್ದಾಣ ಬರುವವರೆಗೂ ಅವಳ ಮುಖ ನಿರಾಳವಾಗಿತ್ತು. ಈಗ ಅವಳು ಬಂದ ದುಡ್ಡಿನಲ್ಲಿ ತೆರಿಗೆಯ ಪಾಲನ್ನು ಅಂದೇ ಬೇರೆ ಖಾತೆಗೆ ಹಾಕಿಬಿಡುತ್ತಾಳೆ. ಮಾವ ಅದನ್ನು ಮಂಡಿ ಖಾತೆ ಎನ್ನುತ್ತಾರೆ. ಬ್ಯಾಂಕಿನ ಗುಮಾಸ್ತೆಗೂ ಆ ಹೆಸರೇ ರೂಢಿಯಾಗಿದೆ.