ವರ್ಗವಾಗದವರು ಯಾರಾದರೂ ಇದ್ದೀರಾ?

ಕಳೆದ ವಾರ ನಮ್ಮ ಕನ್ನಡ ಕೂಟದ ವೆಬ್‌ಸೈಟಿನಲ್ಲಿ ರಮ್ಮಿ ಆಟ ಶುರುವಾಗಿತ್ತು.

ಮೊದಲು ನೋಡಿದ್ದು ನಾನಲ್ಲ. ರೈಲ್ವೆಯಲ್ಲಿರುವ ಗಂಡನ ಜೊತೆ ಹಾವೇರಿಯಿಂದ ಅಹಮದಾಬಾದಿಗೆ ಹೊಸದಾಗಿ ಬಂದ ಹೆಣ್ಣುಮಗಳೊಬ್ಬರು. ಮಗನನ್ನು ನಮ್ಮ ಭಾನುವಾರದ ಕನ್ನಡ ಕ್ಲಾಸಿಗೆ ಸೇರಿಸೋಣವೆಂದು ಸೈಟ್ ತೆರೆದಿದ್ದಾರೆ. ಗಂಡನ ಸಹೋದ್ಯೋಗಿಯಿಂದ ನನ್ನ ನಂಬರ್ ಹುಡುಕಿ, ಬಹಳ ಸಂಕೋಚದಿಂದ ಕೇಳಿದರು: "ಕೂಟದಾಗ ಇಸ್ಪೀಟೂ ಆಡಿಸ್ತೀರೇನ್ರೀ?"

ಮುಖ ಎಲ್ಲಿಡಲಿ ಹೇಳಿ?

ವಿಚಾರಿಸಿದರೆ, ಡೊಮೈನ್ ರಿನ್ಯೂ ಆಗಿಲ್ಲ. (ಡೊಮೈನ್ ಎಂದರೆ ಇಂಟರ್ನೆಟ್ಟಿನಲ್ಲಿ ನಮ್ಮ ಹೆಸರು. ಸ್ವಂತದ್ದಲ್ಲ, ಬಾಡಿಗೆಯದು. ಇದೂ ನನಗೆ ಗೊತ್ತಾಗಿದ್ದು ಈಗಲೇ.) ಬಾಡಿಗೆ ಕಟ್ಟದ್ದಕ್ಕೆ ಕಂಪನಿಯವರು ಆ ಜಾಗದಲ್ಲಿ ರಮ್ಮಿಯ ಜಾಹೀರಾತು ಹಾಕಿದ್ದಾರೆ. ಬೇಗ ರಿನ್ಯೂ ಮಾಡದಿದ್ದರೆ ಹೆಸರು ಹರಾಜಿಗೆ. ವರ್ಗವಾಗಿ ಬರುವ ಸಂಸಾರಗಳು ನಮ್ಮನ್ನು ಹುಡುಕುವುದೇ ಅಲ್ಲಿ. ಅದು ಹೋದರೆ, ಈ ಊರಲ್ಲಿ ಕನ್ನಡ ಮಾತಾಡುವವರು ನಾಲ್ಕು ಜನ ಇದ್ದಾರೆಂದೇ ಅವರಿಗೆ ತಿಳಿಯುವುದಿಲ್ಲ.

ರಿಮೈಂಡರ್ ಬಂದಿರಲಿಲ್ಲವೇ? ಬಂದಿತ್ತು, ಓದುವವರಿರಲಿಲ್ಲ. ಡೊಮೈನ್ ತೆಗೆದುಕೊಂಡ ಅಂದಿನ ಕಾರ್ಯದರ್ಶಿ ಬ್ಯಾಂಕ್ ಅಧಿಕಾರಿ. ಬ್ರಾಂಚಿನ ಇಮೇಲ್ ಹಾಕಿದ್ದರು, ಇಲ್ಲಿನ ಸಿಮ್ ನಂಬರ್ ಹಾಕಿದ್ದರು. ಗುವಾಹಟಿಗೆ ಟ್ರಾನ್ಸ್‌ಫರ್ ಆದಾಗ ಎರಡನ್ನೂ ಇಲ್ಲೇ ಬಿಟ್ಟು, ನಮ್ಮಿಂದ ಶಾಲು ಹೊದಿಸಿಕೊಂಡು ಹೊರಟರು. ನಾವೂ ಚಪ್ಪಾಳೆ ತಟ್ಟಿ, ಹೋಳಿಗೆ ತಿಂದು ಮನೆಗೆ ಬಂದೆವು.

ರಿನ್ಯೂ ಮಾಡಲು ಬೇಕಾದ ಒಟಿಪಿ ಹೋಗುವುದು ಅದೇ ನಂಬರಿಗೆ. ಕರೆ ಮಾಡಿದೆ. ನಂಬರ್ ಈಗ ಸೂರತ್ತಿನ ಸಚಿನ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಸೂಪರ್‌ವೈಸರ್ ಒಬ್ಬರದು. ನನ್ನ ಹರಕುಮುರುಕು ಗುಜರಾತಿಯಲ್ಲಿ ಎಲ್ಲ ವಿವರಿಸಿದೆ, ಅಂಗಲಾಚಿದೆ. ಅವರು ಪೂರ್ತಿ ಕೇಳಿಸಿಕೊಂಡು, ಒಟಿಪಿ ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರೇ ಮೆಸೇಜ್ ಕಳಿಸುತ್ತಾರಲ್ಲ ಎಂದು ಫೋನ್ ಇಟ್ಟರು. (ಬ್ಯಾಂಕಿನವರು! ನಗಬೇಕೋ ಅಳಬೇಕೋ?)

ಕೊನೆಗೆ ಗುವಾಹಟಿಯಿಂದ ಹಳೆಯ ಕಾರ್ಯದರ್ಶಿಯ ಗುರುತಿನ ಚೀಟಿ ತರಿಸಿ, ಕಸ್ಟಮರ್ ಕೇರ್‌ನ ಸಂಗೀತವನ್ನೆಲ್ಲ ಕೇಳಿ ಮುಗಿಸಿ, ಡೊಮೈನ್ ಕಂಪನಿಯವರನ್ನು ಒಪ್ಪಿಸಿದ್ದಾಯಿತು. ಅವರದು ಒಂದೇ ಪ್ರಶ್ನೆ. ಇನ್ನು ಮುಂದೆ ಯಾರ ಹೆಸರು, ಯಾರ ನಂಬರ್?

ಇಲ್ಲಿನ ನವರಂಗಪುರ ಬಡಾವಣೆಯಲ್ಲಿ ಸಭೆ ಸೇರಿದೆವು. ಅಧ್ಯಕ್ಷರು ಇನ್ಶೂರೆನ್ಸಿನವರು, ಅವರಿಗೆ ವರ್ಗದ ಆರ್ಡರ್ ಯಾವಾಗ ಬೇಕಾದರೂ ಬರಬಹುದಂತೆ. ಖಜಾಂಚಿಗೆ ವಡೋದರಾ ಗ್ಯಾರಂಟಿಯಂತೆ. ಇಲ್ಲೇ ಫ್ಲ್ಯಾಟ್ ಕೊಂಡು, ಇಲ್ಲೇ ರಿಟೈರ್ ಆಗಿ, ಇಲ್ಲೇ ತಲೆ ನರೆತವರೂ "ನಾವೇನು ಇಲ್ಲೇ ಇರ್ತೀವಾ ಸಾರ್?" ಎಂದು ಜಾರಿಕೊಂಡರು. ಮೈ ಉರಿಯಿತು. (ನನ್ನನ್ನು ನೋಡಬೇಡಿ. ನನ್ನ ಮನಸ್ಸಿನ ಪೆಟ್ಟಿಗೆಯೂ ಬಂದ ದಿನದಿಂದ ಅರ್ಧ ಕಟ್ಟಿಯೇ ಇದೆ.)

ಆಗ ತನ್ನ ಗುಜರಾತಿ ಬೆರೆತ ಕನ್ನಡದಲ್ಲಿ ಬಾಯಿಬಿಟ್ಟವಳು ಅನುಷಾ. ಇದೇ ಊರಿನ ಮಣಿನಗರದಲ್ಲಿ ಹುಟ್ಟಿದವಳು, ಗುಜರಾತಿ ಹುಡುಗನನ್ನು ಮದುವೆಯಾಗಿ ಅಲ್ಲೇ ಸ್ಟೇಷನ್ ಹತ್ತಿರ ಟೈಲರಿಂಗ್ ಅಂಗಡಿ ನಡೆಸುವವಳು.

"ಅಂಕಲ್, ನನ್ನ ನೇಮ್ ಹಾಕು ನೆ. ನಾನು ಎಲ್ಲಿ ಹೋಗ್ತೀನಿ? ನಂದು ಊರು ಇದೇ."

ಹಿರಿಯರೊಬ್ಬರು ನನ್ನ ಕಿವಿಯ ಹತ್ತಿರ ಬಾಗಿ, ನೆಟ್ಟಗೆ ಕನ್ನಡ ಬಾರದವಳ ಕೈಗೆ ಕನ್ನಡ ಕೂಟದ ಹೆಸರು ಕೊಡುವುದೇ ಎಂದು ಪಿಸುಗುಟ್ಟಿದರು.

ಇಷ್ಟು ವರ್ಷ ನೆಟ್ಟಗೆ ಕನ್ನಡ ಬರುವವರ ಕೈಯಲ್ಲೇ ಇತ್ತಲ್ಲ ಸಾರ್, ಉಳಿಯಿತೇ?